ಎರಡನೇ ಹಾಲ್‌ನ ಬಿಲ್ಲೆ

ಏಳನೆಯ ಕಂತು

"ಸೋಪು ಎಲ್ಲಿ?" ನರ್ಸಮ್ಮ ಕೇಳಿದಳು.

ನಲ್ಲಿಯ ಪಕ್ಕದ ಕಲ್ಲಿನ ಮೇಲೆ ಸೋಪು ಇದ್ದ ಗುರುತು ಮಾತ್ರ ಇತ್ತು, ಅಂಗೈಯಗಲದ ಒಂದು ಬಿಳಿ ಕಲೆ. ಗಡಿಯಾರ ಮೇಡಂ ಕೊರಳಲ್ಲಿ ನೇತಾಡುತ್ತಿದ್ದ ಸ್ಟಾಪ್‌ವಾಚನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಎರಡನೇ ಹಾಲ್‌ನ ನಲವತ್ತು ಹೊಲಿಗೆ ಯಂತ್ರಗಳಿಗೆ ಅವಳು ಮೇಲ್ವಿಚಾರಕಿ. ಆ ಅಡ್ಡಹೆಸರು ಹೆಂಗಸರು ಇಟ್ಟದ್ದು. ಎದುರಿಗೆ ಮಾತ್ರ ಬರೀ ಮೇಡಂ.

"ತೆಗೆಸಿದೀವಿ. ಸೋಪಿದ್ರೆ ಒಬ್ಬೊಬ್ಬಳೂ ಎರಡು ನಿಮಿಷ ಜಾಸ್ತಿ ತಗೋತಾಳೆ. ನಲವತ್ತು ಜನ, ದಿನಕ್ಕೆ ಎರಡೆರಡು ಸಲ. ನೀವೇ ಗುಣಿಸಿ ನೋಡಿ."

"ಗುಣಿಸ್ದೆ. ಅದ್ರಲ್ಲಿ ಒಂದು ಹೆಣ ಕಳೀರಿ."

ಮೇಡಂ ಮುಖ ಬಿಗಿದುಕೊಂಡಳು.

ಬುಧವಾರ ಈ ಹಾಲ್‌ನಲ್ಲಿ ಹನ್ನೊಂದು ಹೆಂಗಸರು ವಾಂತಿ ಭೇದಿಯಿಂದ ನೆಲ ಹಿಡಿದಿದ್ದರು. ಅವರಲ್ಲಿ ಒಬ್ಬಳು, ತೋಳು ಹೊಲಿಯುವ ಹತ್ತೊಂಬತ್ತರ ಹುಡುಗಿ, ಸಂಜೆ ಆಸ್ಪತ್ರೆಯ ದಾರಿಯಲ್ಲೇ ಹೋಗಿಬಿಟ್ಟಿದ್ದಳು. ಚಹಾದಲ್ಲಿ ವಿಷ ಇತ್ತು ಎಂದು ಮೊದಲು ಕೂಗಿದವಳು ಸತ್ತವಳ ಒಡಹುಟ್ಟಿದ ಅಕ್ಕ. ಕೆಟಲ್ ಹಿಡಿದು ಹಾಲ್‌ನಿಂದ ಹಾಲ್‌ಗೆ ತಿರುಗುತ್ತಿದ್ದ ಅರವತ್ತರ ಚಹಾದಮ್ಮ ಗುರುವಾರದಿಂದ ಠಾಣೆಯ ಬೆಂಚಿನ ಮೇಲಿದ್ದಳು. ಇವತ್ತು ಶುಕ್ರವಾರ. ಐದು ಗಂಟೆಯೊಳಗೆ ಬೇರೆ ಕಾರಣ ತೋರಿಸದಿದ್ದರೆ ಕೊಲೆ ಎಂದೇ ಬರೆದು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತೇನೆ ಎಂದು ಇನ್ಸ್‌ಪೆಕ್ಟರ್ ಕಡ್ಡಿ ಮುರಿದ ಹಾಗೆ ಹೇಳಿದ್ದ. ಪ್ರಯೋಗಾಲಯದ ವರದಿ ಬರಲು ಮೂರು ವಾರ ಬೇಕು. ಅಲ್ಲಿಯವರೆಗೆ ಊರಿನ ಬಾಯಿ ಕಾಯುವುದಿಲ್ಲ.

ನರ್ಸಮ್ಮನನ್ನು ಕರೆಸಿದವಳು ಚಹಾದಮ್ಮನ ಸೊಸೆ. "ನಮ್ಮತ್ತೆಗೂ ನನಗೂ ಎಣ್ಣೆ ಸೀಗೇಕಾಯಿ. ಹನ್ನೆರಡು ವರ್ಷದಿಂದ ನಾನು ಮಾಡಿದ್ದು ಒಂದೂ ಸರಿ ಅಂದಿಲ್ಲ. ಆದ್ರೆ ವಿಷ ಹಾಕೋ ಹೆಂಗಸಲ್ಲ. ಹಾಕೋ ಹಂಗಿದ್ರೆ ಮೊದ್ಲು ನನಗೇ ಹಾಕ್ತಿದ್ಲು," ಎಂದಿದ್ದಳು. ಅದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನರ್ಸಮ್ಮ ತನ್ನ ಆರು ವರ್ಷದ ಪತ್ತೇದಾರಿಕೆಯಲ್ಲಿ ಕೇಳಿರಲಿಲ್ಲ.

"ಹತ್ತೂವರೆಗೆ ಚಹಾ ಬಂತು," ಎಂದಳು ಮೇಡಂ. "ಹನ್ನೊಂದಕ್ಕೆ ಮೊದಲನೆಯವಳು ಹಾಲ್ ಮಧ್ಯದಲ್ಲೇ ವಾಂತಿ ಮಾಡಿದ್ಲು. ಹಿಂದೇನೇ ಒಬ್ಬೊಬ್ಬರೇ. ಇದಕ್ಕೆ ಇನ್ನೇನು ಪತ್ತೇದಾರಿಕೆ ಬೇಕು?"

"ಕಾಗೆ ಕೂತದ್ದೂ ಕೊಂಬೆ ಮುರಿದದ್ದೂ ಒಂದೇ ಹೊತ್ತಿಗೆ ಆದ್ರೆ ಕಾಗೇನ ಠಾಣೆಗೆ ಎಳ್ಕೊಂಡು ಹೋಗೋದಾ? ಆ ವಾಂತಿ ಹೇಗಿತ್ತು ಹೇಳಿ. ಬಾಯಲ್ಲಿ ನೊರೆ? ಜೊಲ್ಲು ಸುರೀತಿತ್ತಾ?"

"ಇಲ್ಲ."

"ಭೇದೀಲಿ ರಕ್ತ?"

"ಅದನ್ನೆಲ್ಲ ನಾನು ನೋಡ್ತಾ ಕೂರ್ತೀನಾ? ನೀರು ನೀರು ಅಂದ್ರು. ಹೊಟ್ಟೆ ಹಿಂಡುತ್ತೆ, ಕೈಕಾಲು ಸೆಳೀತಿದೆ ಅಂತ ಗೋಳಾಡಿದ್ರು."

"ಮೈ ಬಿಸಿ ಇತ್ತಾ?"

"ಸ್ವಲ್ಪ."

"ಇವತ್ತು ಎಷ್ಟು ಜನ ಕೆಲಸಕ್ಕೆ ವಾಪಸ್ ಬಂದಿದಾರೆ?"

"ಆರು," ಎಂದ ಮೇಡಂ ಧ್ವನಿ ತಾನಾಗಿಯೇ ಇಳಿಯಿತು.

ಮಕ್ಕಳ ವಾರ್ಡಿನಲ್ಲಿ ಇಪ್ಪತ್ತು ವರ್ಷ ಬೆವರು ಸುರಿಸಿದವಳು ನರ್ಸಮ್ಮ. ಆ ಕೆಲಸ ಬಿಟ್ಟರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಇದ್ದಕ್ಕಿದ್ದ ಹಾಗೆ ಶುರುವಾಗುವ ವಾಂತಿ, ನೀರಿನಂಥ ಭೇದಿ, ಸಣ್ಣ ಜ್ವರ, ಮೈಕೈ ನೋವು, ಎರಡು ಮೂರು ದಿನಕ್ಕೆ ಬಂದ ದಾರಿಯಲ್ಲೇ ಹೊರಟುಹೋಗುವುದು. ಈ ಅತಿಥಿಯನ್ನು ಅವಳು ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲಳು. ವಿಷ ಯಾರನ್ನೂ ಮೂರನೇ ದಿನಕ್ಕೆ ಕೆಲಸಕ್ಕೆ ಕಳಿಸುವುದಿಲ್ಲ. ಆದರೆ ತಾನು ಗುರುತಿಸಿದರೆ ಸಾಲದು, ಇನ್ಸ್‌ಪೆಕ್ಟರ್ ಗುರುತಿಸುವಂತೆ ತೋರಿಸಬೇಕು.

ಅವಳ ಕಣ್ಣು ಮೇಡಂ ಮೇಜಿನ ಪಕ್ಕದ ಮೊಳೆಯ ಮೇಲೆ ಬಿತ್ತು. ಅಲ್ಲೊಂದು ಮರದ ಬಿಲ್ಲೆ ನೇತಾಡುತ್ತಿತ್ತು. ಅಂಗೈಯಷ್ಟು ಅಗಲ, ಕೆಂಪು ದಾರ, ಮೇಲೆ ಸುಟ್ಟು ಬರೆದ ಎರಡು ಎಂಬ ಅಂಕಿ. ಇಡೀ ಹಾಲ್‌ಗೆ ಒಂದೇ ಬಿಲ್ಲೆ. ಅದು ಮೊಳೆಯಲ್ಲಿದ್ದರೆ ಕೈಗೆ ತೆಗೆದುಕೊಂಡು ಹಿಂದಿನ ಶೌಚಾಲಯಕ್ಕೆ ಹೋಗಬಹುದು. ಇಲ್ಲದಿದ್ದರೆ ಹಲ್ಲು ಕಚ್ಚಿಕೊಂಡು ಹೊಲಿಯುತ್ತಾ ಕೂರಬೇಕು. ಹೋಗುವಾಗ ಒಂದು ಪುಸ್ತಕದಲ್ಲಿ ಯಂತ್ರದ ಸಂಖ್ಯೆ, ಹೊರಗೆ ಹೋದ ಹೊತ್ತು, ಒಳಗೆ ಬಂದ ಹೊತ್ತು ಬರೆಯಬೇಕು.

"ಆ ಪುಸ್ತಕ ಕೊಡಿ."

"ಅದು ಕೆಲಸ ಕಳ್ಳತನ ಮಾಡೋರ ಪುಸ್ತಕ. ನಿಮಗ್ಯಾಕೆ?"

"ನನಗೆ ಅದು ಜ್ವರದ ಪಟ್ಟಿ. ಕೊಡಿ."

ನರ್ಸಮ್ಮ ಇನ್ಸ್‌ಪೆಕ್ಟರ್ ಬರೆದುಕೊಟ್ಟ ಚೀಟಿಯನ್ನು ಜೇಬಿನಿಂದ ತೆಗೆದು ಮುಂದಿಟ್ಟಳು. ಮೇಡಂ ಅದನ್ನು ಎರಡು ಸಲ ಓದಿ ಪುಸ್ತಕ ಸರಿಸಿದಳು.

ನರ್ಸಮ್ಮ ನಿಂತಲ್ಲೇ ಹಾಳೆ ತಿರುವಿದಳು. ವಾರ್ಡಿನಲ್ಲಿ ಡ್ಯೂಟಿ ಮಾಡುವಾಗ ತಾನೂ ಬೆಳಗಿನಿಂದ ನೀರು ಕುಡಿಯದೆ, ಬರೀ ಬಾಯಿ ಮುಕ್ಕಳಿಸಿ ಉಗುಳುತ್ತಿದ್ದದ್ದು ನೆನಪಾಯಿತು. ಹೆಂಗಸು ಕೆಲಸಕ್ಕೆ ಸೇರಿದ ದಿನ ಮೊದಲು ಕಲಿಯುವ ವಿದ್ಯೆ ಇದು, ಬಾಯಾರಿಕೆಯನ್ನು ಮರೆಯುವುದು. ಯಾರೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಬರುತ್ತದೆ.

ಯಾವ ಸಂಖ್ಯೆ ಯಾರದು ಎಂದು ಮೇಡಂ ಹೇಳುತ್ತಾ ಹೋದಳು. ಬುಧವಾರದ ಹಾಳೆಯಲ್ಲಿ ಚಹಾ ಬರುವ ಮೊದಲೇ ಕಾಲರ್ ಹೊಲಿಯುವವಳು ನಾಲ್ಕು ಸಲ ಎದ್ದು ಹೋಗಿದ್ದಳು. ಜೇಬು ಹೊಲಿಯುವವಳು ಮೂರು ಸಲ. ಗುಂಡಿ ಹಚ್ಚುವವಳು ಚಹಾವನ್ನೇ ಮುಟ್ಟದವಳು, ಅವಳ ಸಂಖ್ಯೆಯೂ ಮಧ್ಯಾಹ್ನದವರೆಗೆ ಐದು ಸಲ.

"ಮೊದಲನೇ ಹಾಲ್, ಮೂರನೇ ಹಾಲ್‌ನಲ್ಲಿ ಯಾರಿಗಾದ್ರೂ ಹೊಟ್ಟೆ ಕೆಟ್ಟಿತ್ತಾ?"

"ಇಲ್ಲ."

"ಅದೇ ಕೆಟಲ್‌ನ ಚಹಾ ಕುಡಿದ್ರೂ?"

ಮೇಡಂ ಸ್ಟಾಪ್‌ವಾಚನ್ನು ಅಂಗೈಯಲ್ಲಿ ಮುಚ್ಚಿಕೊಂಡಳು.

ನರ್ಸಮ್ಮ ಮಂಗಳವಾರದ ಹಾಳೆ ದಾಟಿ ಸೋಮವಾರಕ್ಕೆ ಹೋದಳು. ಅಲ್ಲಿ ಬೆರಳು ನಿಂತಿತು. ಮಧ್ಯಾಹ್ನ ಒಂದರಿಂದ ಐದರೊಳಗೆ ಹದಿನಾಲ್ಕು ಎಂಬ ಒಂದೇ ಸಂಖ್ಯೆ ಏಳು ಸಲ. ಪ್ರತಿ ಸಲವೂ ಮೂರೇ ನಿಮಿಷ. ಪ್ರತಿ ಸಲವೂ ಆ ಹದಿನಾಲ್ಕರ ಬೆನ್ನಿಗೆ ಬಿಲ್ಲೆ ಹಿಡಿದ ಒಬ್ಬಿಬ್ಬರ ಸಂಖ್ಯೆಗಳನ್ನು ಅವಳು ಒಂದೊಂದಾಗಿ ಗುರುತು ಹಾಕಿಕೊಂಡಳು. ಆರು, ಇಪ್ಪತ್ತೆರಡು, ಮೂವತ್ತೊಂದು... ಕಾಲರಿನವಳು, ಜೇಬಿನವಳು, ಗುಂಡಿಯವಳು. ಬುಧವಾರ ಮಲಗಿದ ಹನ್ನೊಂದರಲ್ಲಿ ಒಂಬತ್ತು ಸಂಖ್ಯೆ ಹೀಗೆ ಸಿಕ್ಕವು. ಕಾಯಿಲೆ ಕೆಟಲ್ ಹೋದ ದಾರಿಯಲ್ಲಿ ಹೋಗಿರಲಿಲ್ಲ. ತೊಳೆಯದ ಕೈಯಿಂದ ತೊಳೆಯದ ಕೈಗೆ, ಕೆಂಪು ದಾರ ಹಿಡಿದುಕೊಂಡು ಹೋಗಿತ್ತು.

"ಹದಿನಾಲ್ಕು ಯಾರು?"

"ಸತ್ತವಳ ಅಕ್ಕ," ಎಂದಳು ಮೇಡಂ. ಆಮೇಲೆ, ಕೇಳದಿದ್ದರೂ ಸೇರಿಸಿದಳು, "ಕಲ್ಲು ಹೆಂಗಸು. ತಂಗಿ ಹೆಣದ ಮುಂದೆ ಒಂದು ಹನಿ ಕಣ್ಣೀರು ಹಾಕ್ಲಿಲ್ಲ, ಬೇಕಾದ್ರೆ ಯಾರನ್ನಾದ್ರೂ ಕೇಳಿ. ಹುಡುಗಿ ತಲೆ ಸುತ್ತಿ ಬಿದ್ದಾಗ ವಿಶ್ರಾಂತಿ ಕೋಣೇಲಿ ಮಲಗಿಸಿ ಬಂದದ್ದೂ ಅವಳೇ. ನಾನು ಆ ಕಡೆ ತಲೆ ಹಾಕಿಲ್ಲ."

ಹತ್ತನೆಯವಳು ಅಕ್ಕನ ಎಡಗಡೆ ಕೂರುವವಳು. ಹನ್ನೊಂದನೆಯವಳು ಬಲಗಡೆ ಕೂರುತ್ತಿದ್ದ, ಅಕ್ಕನ ತಟ್ಟೆಯಲ್ಲೇ ಉಣ್ಣುತ್ತಿದ್ದ ತಂಗಿ.

ಪುಸ್ತಕ ಸಾಕಾಗುವುದಿಲ್ಲ ಎಂದು ನರ್ಸಮ್ಮನಿಗೆ ಗೊತ್ತಿತ್ತು. ಸಂಖ್ಯೆಗಳನ್ನು ವಕೀಲನೊಬ್ಬ ಐದು ನಿಮಿಷದಲ್ಲಿ ತಿರುಚಿಬಿಡುತ್ತಾನೆ. ಸೋಮವಾರ ನನಗೆ ಕಾಯಿಲೆ ಇತ್ತು ಎಂದು ಆ ಅಕ್ಕನೇ ಬಾಯಿಬಿಟ್ಟು ಹೇಳಬೇಕು. ತಂಗಿಯನ್ನು ಮಣ್ಣು ಮಾಡಿ ಒಂದು ದಿನವೂ ಆಗದ ಹೆಂಗಸಿನ ಹತ್ತಿರ ಹೋಗಿ, ಆ ಕಾಯಿಲೆ ತಂದವಳು ನೀನೇ ಎಂದು ಹೇಳಿಸಬೇಕು.

ಇಂಥ ಹೊತ್ತಿನಲ್ಲಿ ಅವಳಿಗೆ ತನ್ನ ಕೆಲಸದ ಮೇಲೆ ಹೇಸಿಗೆ ಬರುತ್ತಿತ್ತು. ಆದರೂ ಕಾಲು ಮುಂದಕ್ಕೇ ಹೋಗುತ್ತಿತ್ತು.

ಅಕ್ಕನದು ಮೂರನೇ ಮಹಡಿಯಲ್ಲಿ ಒಂದೇ ಕೋಣೆಯ ಮನೆ. ಬಾಗಿಲು ತೆರೆದೇ ಇತ್ತು. ಗೋಡೆಗೆ ಎರಡು ಹಾಸಿಗೆ. ಒಂದು ಹರಡಿತ್ತು, ಒಂದು ಸುತ್ತಿತ್ತು. ಹಗ್ಗದ ಮೇಲೆ ಸಣ್ಣ ಅಳತೆಯ ಒಂದು ಅಂಗಿ ಇನ್ನೂ ಒಣಗುತ್ತಿತ್ತು. ಅಥವಾ ಒಣಗಿ ಎಷ್ಟೋ ಹೊತ್ತಾಗಿ ತೆಗೆಯುವವರಿಲ್ಲದೆ ಉಳಿದಿತ್ತು. ಪಕ್ಕದ ಮನೆಯವರು ಮುಚ್ಚಿಟ್ಟುಹೋದ ತಟ್ಟೆ ಹಾಗೇ ಇತ್ತು. ಮೂಲೆಯ ನೀರಿನ ಕೊಡ ಕಂಠಮಟ್ಟ ತುಂಬಿತ್ತು. ಕೊಡದ ಮೇಲೆ ಬೋರಲು ಹಾಕಿದ ಲೋಟದ ತಳಕ್ಕೆ ಧೂಳು ಕೂತಿತ್ತು.

ನರ್ಸಮ್ಮ ಮೊದಲು ನೋಡಿದ್ದು ಆ ಧೂಳನ್ನು.

ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮೂವತ್ತು ಇರಬಹುದು. ಮುಖ ನೋಡಿದರೆ ಐವತ್ತು ಅನ್ನಬಹುದು.

"ಆ ಮುದುಕಿ ಕಡೆಯವರಾ ನೀವು?"

"ಅವಳ ಸೊಸೆ ಕರೆಸಿದಾಳೆ. ನಾನು ಯಾರ ಕಡೆಯವಳೂ ಅಲ್ಲ."

"ಯಾರ ಕಡೇನೂ ಅಲ್ದೋರು ಮೂರು ಮಹಡಿ ಹತ್ತಿ ಬರಲ್ಲ." ಧ್ವನಿ ಒಣ ಎಲೆಯ ಹಾಗೆ ಸರಪರ ಎಂದಿತು. "ಏನು ಹೇಳೋಕ್ ಬಂದ್ರಿ? ಅವಳು ಪಾಪದೋಳು, ಬಿಟ್ಬಿಡಿ ಅಂತಾನಾ?"

ನರ್ಸಮ್ಮ ಅವಳ ಪಕ್ಕ ನೆಲದ ಮೇಲೆ ಕೂತಳು. ಅವಳ ಕೈ ತೆಗೆದುಕೊಂಡು, ಹಿಂಭಾಗದ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಟ್ಟಳು. ಇಸ್ತ್ರಿ ಹಾಕಿದ ಬಟ್ಟೆಯ ಮಡಿಕೆಯ ಹಾಗೆ ಚರ್ಮ ಎದ್ದು ನಿಂತಿತು, ಕೂರಲಿಲ್ಲ.

"ಕೊನೇ ಸಲ ನೀರು ಕುಡಿದದ್ದು ಯಾವಾಗ?"

"ಬೇಕಿಲ್ಲ."

"ಮೂತ್ರಕ್ಕೆ ಹೋದದ್ದು?"

ಆ ಪ್ರಶ್ನೆಗೆ ಅಕ್ಕ ತಲೆ ಎತ್ತಿದಳು. ಎರಡು ದಿನದಿಂದ ಬಂದುಹೋದವರೆಲ್ಲ ಕೇಳಿದ್ದು ಬೇರೆಯದೇ ಪ್ರಶ್ನೆಗಳನ್ನು. ಅವಳ ಮುಖ ಸೊಟ್ಟಗಾಯಿತು, ಎದೆ ಏರಿ ಇಳಿಯಿತು, ಬಾಯಿ ಅಳುವ ಮಗುವಿನ ಹಾಗೆ ತೆರೆದುಕೊಂಡಿತು. ಆದರೆ ಕಣ್ಣು ಒಣಗಿಯೇ ಇದ್ದವು.

"ನೋಡಿ, ನೋಡಿ," ಎಂದಳು ಕೆನ್ನೆ ಮುಟ್ಟಿಕೊಳ್ಳುತ್ತಾ. "ಅಳು ಬರುತ್ತೆ, ನೀರು ಬರಲ್ಲ. ಎಲ್ರೂ ಕಲ್ಲು ಅಂತಾರೆ. ನನಗೂ ಹಂಗೇ ಅನ್ಸುತ್ತೆ. ನಮ್ಮಮ್ಮ ಹೋದಾಗ ಅವಳಿಗೆ ನಾಲ್ಕು ವರ್ಷ, ನಾನೇ ಜಡೆ ಹಾಕಿ ಬೆಳೆಸಿದ್ದು. ಅವಳಿಗೋಸ್ಕರ ಒಂದು ಹನಿ ಇಲ್ವಲ್ಲ ನನ್ನ ಹತ್ರ!"

"ಕಲ್ಲಲ್ಲ ಕಣೇ. ಒಣಗಿಹೋಗಿದೀಯ. ಮೈಯಲ್ಲಿ ನೀರಿದ್ರೆ ತಾನೆ ಕಣ್ಣಿಗೆ ಬರೋದು? ವಾರ್ಡಿಗೆ ಬರೋ ಕೂಸುಗಳು ಹೀಗೇ ಅಳ್ತಿದ್ವು. ಬಾಯಿ ತೆರೆದು, ಕಣ್ಣೀರಿಲ್ದೆ. ಅದನ್ನ ನೋಡಿದ್ ಕೂಡಲೇ ನಾವು ಓಡ್ತಿದ್ವಿ."

ಅವಳು ಎದ್ದು ಲೋಟ ತೊಳೆದಳು. ಒಲೆಯ ಪಕ್ಕ ಸಕ್ಕರೆ ಡಬ್ಬಿ ಸಿಕ್ಕಿತು, ಉಪ್ಪು ಸಿಕ್ಕಿತು. ನೀರಿನಲ್ಲಿ ಕಲಕಿ ತಂದು ಚಮಚ ಬಾಯಿಗೆ ಹಿಡಿದಳು. ಅಕ್ಕ ತುಟಿ ಬಿಗಿದುಕೊಂಡಳು.

"ಕುಡಿ."

"ನನಗೆ ಕುಡಿಯೋ ಯೋಗ್ಯತೆ ಇಲ್ಲ."

ಸತ್ಯದ ಬಾಗಿಲು ಇಲ್ಲೇ ಇದೆ ಎಂದು ನರ್ಸಮ್ಮನಿಗೆ ಅನ್ನಿಸಿತು. ತಳ್ಳಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದಳು. ಠಾಣೆಯ ಬೆಂಚಿನ ಮೇಲೆ ಮೊಣಕಾಲು ಉಜ್ಜಿಕೊಳ್ಳುತ್ತಾ ಕೂತ ಇನ್ನೊಬ್ಬಳು ಕಣ್ಣ ಮುಂದೆ ಬಂದಳು. ತಳ್ಳಿದಳು.

"ಸೋಮವಾರ ಮಧ್ಯಾಹ್ನ ಏಳು ಸಲ ಬಿಲ್ಲೆ ತಗೊಂಡಿದೀಯ."

"ಹೆಂಗಸರ ತೊಂದ್ರೆ ಇತ್ತು."

"ಮೂರು ಮೂರು ನಿಮಿಷಕ್ಕೆ ಓಡಿ ಹೋಗಿ ಓಡಿ ಬರೋದು ಆ ತೊಂದ್ರೆಗಲ್ಲ. ನಾನೂ ಹೆಂಗಸೇ ಮಗಳೇ. ವಾಂತಿ ಎಷ್ಟು ಸಲ ಆಯ್ತು?"

ಕೆಳಗಿನ ಬೀದಿಯಲ್ಲಿ ಯಾರೋ ಯಾರಿಗೋ ಬೈದುಕೊಂಡು ಹೋದರು.

"ಮೂರು," ಎಂದಳು ಅಕ್ಕ.

"ಕಾಯಿಲೆ ಎಲ್ಲಿಂದ ಬಂತು ಅಂತ ಗೊತ್ತಾ?"

"ಪಕ್ಕದ ಮನೆ ಮಗು ಶನಿವಾರ ವಾಂತಿ ಮಾಡ್ಕೊಂಡಿತ್ತು. ಅದರಮ್ಮ ಕೆಲಸಕ್ಕೆ ಹೋಗಿದ್ಳು. ಅಳ್ತಿತ್ತು ಅಂತ ನಾನೇ ಎತ್ಕೊಂಡು ತೊಳೆದು ಮಲಗಿಸ್ದೆ." ಅವಳು ಚಮಚವನ್ನೇ ನೋಡುತ್ತಿದ್ದಳು. "ಅದು ಎರಡು ದಿನಕ್ಕೆ ಆಡ್ಕೊಂಡು ಓಡಾಡ್ತಿತ್ತು. ನನಗೂ ಹಂಗೇ ಹೋಗುತ್ತೆ ಅಂದ್ಕೊಂಡೆ."

"ರಜಾ ಹಾಕಬಾರದಿತ್ತಾ?"

"ತಿಂಗಳಲ್ಲಿ ಮೂರನೇ ರಜಾ ಹಾಕಿದ್ರೆ ಯಂತ್ರ ಬದಲಾಯಿಸ್ತಾರೆ. ನಮ್ಮಿಬ್ಬರದೂ ಪಕ್ಕಪಕ್ಕ. ಅವಳು ಆ ಕಡೆ ಒಂದು ಹಾಲು, ನಾನು ಈ ಕಡೆ ಒಂದು ಹಾಲು ಆಗ್ಬಿಟ್ರೆ ಅಂತ... ಅವಳಿಗೆ ದಾರ ತುಂಡಾದ್ರೆ ಸೂಜಿಗೆ ಪೋಣಿಸೋಕ್ ಬರ್ತಿರಲಿಲ್ಲ ನರ್ಸಮ್ಮ. ಕಣ್ಣು ಮಂಜು. ಯಾರಿಗೂ ಗೊತ್ತಾಗ್ದಂಗೆ ನಾನೇ ಪೋಣಿಸ್ತಿದ್ದೆ."

ನರ್ಸಮ್ಮ ಚಮಚವನ್ನು ಮತ್ತೆ ಹಿಡಿದಳು. ಈ ಸಲ ತುಟಿ ತೆರೆಯಿತು. ಒಂದು ಚಮಚ. ಸ್ವಲ್ಪ ಬಿಟ್ಟು ಇನ್ನೊಂದು.

"ಚಹಾದಲ್ಲಿ ವಿಷ ಅಂತ ಯಾಕೆ ಕೂಗ್ದೆ?"

"ಯಾರೋ ಮಾಡಿರ್ಬೇಕಿತ್ತು." ನೀರು ಗಂಟಲಲ್ಲಿ ಇಳಿಯುವ ಸದ್ದು ಕೇಳಿಸಿತು. "ಯಾರೂ ಮಾಡ್ಲಿಲ್ಲ ಅಂದ್ರೆ ನಾನೇ ಅಂತ ಆಗುತ್ತಲ್ಲ."

ಅರ್ಧ ಲೋಟ ಮುಗಿಯುವ ಹೊತ್ತಿಗೆ, ಕಾದು ಕಾದು ಬಂದ ನಲ್ಲಿಯ ಹಾಗೆ, ಅವಳ ಕಣ್ಣು ತುಂಬಿದವು. ಆಮೇಲೆ ಮಾತು ನಿಲ್ಲಲಿಲ್ಲ.

"ಅವಳು ನೀರು ಕೇಳಿದ್ಲು. ಹನ್ನೆರಡೂ ಮುಕ್ಕಾಲಿಗೆ ಕೋಣೇಲಿ ಮಲಗಿಸಿ ಎದ್ದಾಗ ಕೈ ಹಿಡ್ಕೊಂಡ್ಲು. ಅಕ್ಕಾ, ಒಂದು ಗುಟುಕು ಅಂದ್ಲು. ಕುಡಿದ್ರೆ ಮತ್ತೆ ಹೋಗುತ್ತೆ, ಬಿಲ್ಲೆ ಸಿಗಲ್ಲ, ಬಟ್ಟೆ ಹಾಳಾದ್ರೆ ನಲವತ್ತು ಜನರ ಮುಂದೆ ಮಾನ ಹೋಗುತ್ತೆ. ಕೆಲಸ ಬಿಡೋವರೆಗೂ ತಡ್ಕೋ ಅಂದೆ. ಸೋಮವಾರ ನಾನೂ ಹಂಗೇ ತಡ್ಕೊಂಡಿದ್ದೆ. ಸರಿ ಅಕ್ಕ ಅಂದ್ಲು. ಹೇಳಿದ್ ಮಾತು ಕೇಳೋಳು ಅವಳು. ಐದೂವರೆಗೆ ಗಂಟೆ ಹೊಡೆದ ಮೇಲೆ ಹೋಗಿ ನೋಡಿದ್ರೆ ಕಣ್ಣು ಗುಳಿ ಬಿದ್ದು, ನಾಲಿಗೆ ಒಣಗಿ... ಕರೆದ್ರೆ ಓ ಅನ್ಲಿಲ್ಲ."

ನರ್ಸಮ್ಮ ಅವಳ ಬೆನ್ನ ಮೇಲೆ ಕೈ ಇಟ್ಟಳು.

"ನಿಜ ಹೇಳಿ," ಎಂದಳು ಅಕ್ಕ. "ನೀರು ಕೊಟ್ಟಿದ್ರೆ ಬದುಕ್ತಿದ್ಲಾ?"

ಇಪ್ಪತ್ತು ವರ್ಷ ಈ ಪ್ರಶ್ನೆಯನ್ನು ತಾಯಂದಿರು ಅವಳನ್ನು ಕೇಳಿದ್ದರು. ಮೊದಮೊದಲು ಅವಳು ಸುಳ್ಳು ಹೇಳುತ್ತಿದ್ದಳು. ಹಾಗೆ ಹೇಳಿ ಸಮಾಧಾನ ಮಾಡಿ ಕಳಿಸಿದ ಒಬ್ಬ ತಾಯಿ ಮರುವರ್ಷ ಎರಡನೇ ಕೂಸನ್ನೂ ಹಾಗೇ ಒಣಗಿಸಿ ತಂದ ಮೇಲೆ ಸುಳ್ಳು ಬಿಟ್ಟಿದ್ದಳು. ಅವತ್ತಿನಿಂದ ಅವಳಿಗೆ ಒಂದೇ ಧರ್ಮ: ಗೊತ್ತಿದ್ದುದನ್ನು ಹೇಳುವುದು.

"ಬದುಕ್ತಿದ್ಲು," ಎಂದಳು.

ಅಕ್ಕ ಕಿರುಚಲಿಲ್ಲ. ತಲೆ ಆಡಿಸಿದಳು, ಎಷ್ಟೋ ದಿನದ ಹಿಂದೆ ಕೇಳಿದ ಸುದ್ದಿಯನ್ನು ಇನ್ನೊಬ್ಬರು ಹೇಳಿದಾಗ ಆಡಿಸುವ ಹಾಗೆ. ಆಮೇಲೆ ಕಾಗದ ಕೇಳಿ ತೆಗೆದುಕೊಂಡಳು. ಸೋಮವಾರದ ವಾಂತಿ, ಏಳು ಸಲದ ಬಿಲ್ಲೆ, ತಂಗಿಗೆ ಕೊಡದೇ ಹೋದ ನೀರು, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದು ಸಹಿ ಹಾಕಿದಳು. "ಆ ಅಮ್ಮನ ಮುಖಕ್ಕೆ ಉಗಿದು ಬಂದಿದೀನಿ ನಾನು. ಕ್ಷಮಿಸು ಅಂತ ಹೇಳಿ. ಕ್ಷಮಿಸ್ಲಿಲ್ಲ ಅಂದ್ರೂ ಪರವಾಗಿಲ್ಲ ಅಂತಾನೂ ಹೇಳಿ."

ನರ್ಸಮ್ಮ ಪಕ್ಕದ ಮನೆಯ ತಾಯಿಯನ್ನು ಕರೆದು ಕೂರಿಸಿದಳು. "ಐದು ನಿಮಿಷಕ್ಕೊಂದು ಚಮಚ. ಬೇಡ ಅಂದ್ರೂ ಬಿಡ್ಬೇಡ. ಒಬ್ಬಳನ್ನೇ ಬಿಟ್ಟು ಏಳಬೇಡ, ಬಾಗಿಲ ತನಕವೂ."

ಮೆಟ್ಟಿಲು ಇಳಿದು ಅವಳು ನೇರ ಠಾಣೆಗೆ ನಡೆದಳು.

ಠಾಣೆಯಲ್ಲಿ ನಾಲ್ಕೂಕಾಲು. ಅತ್ತೆ ಸೊಸೆ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು.

"ಬಾಗಿಲು ಸರಿಯಾಗಿ ಹಾಕಿದ್ಯಾ?" ಚಹಾದಮ್ಮ ಕೇಳುತ್ತಿದ್ದಳು.

"ಹಾಕ್ದೆ ಅತ್ತೆ."

"ಎರಡು ಸಲ ಎಳೆದು ನೋಡ್ಬೇಕು. ಬೀಗ ಕೂತಂಗೆ ಕಾಣುತ್ತೆ, ಕೂತಿರಲ್ಲ."

"ನೋಡಿದೀನಿ. ಕೊಲೆ ಕೇಸಲ್ಲಿ ಕೂತ್ರೂ ನನ್ನ ತಪ್ಪು ಹುಡುಕೋದು ಬಿಡ್ಲಿಲ್ಲವಲ್ಲ ನೀವು!"

"ಅದೊಂದಾದ್ರೂ ಅಭ್ಯಾಸ ಉಳೀಲಿ ಬಿಡೇ," ಎಂದಳು ಮುದುಕಿ. ಸೊಸೆ ನಗಲು ಹೋಗಿ ಮುಖ ಆ ಕಡೆ ತಿರುಗಿಸಿ ಮೂಗು ಒರೆಸಿಕೊಂಡಳು.

ಇನ್ಸ್‌ಪೆಕ್ಟರ್ ಅಕ್ಕನ ಕಾಗದವನ್ನು ಓದಿದ. ಪುಸ್ತಕದ ಸಂಖ್ಯೆಗಳನ್ನು ಬೆರಳಿಟ್ಟು ಎಣಿಸಿದ. ಚಹಾ ಕುಡಿದು ಚೆನ್ನಾಗಿದ್ದ ಎರಡು ಹಾಲ್, ಚಹಾ ಮುಟ್ಟದೆ ಮಲಗಿದ ಗುಂಡಿಯವಳು, ಚಹಾಕ್ಕೆ ಮೊದಲೇ ಎದ್ದು ಓಡಿದ ಇಬ್ಬರು. ಒಂದೊಂದಕ್ಕೂ ಹುಬ್ಬು ಸ್ವಲ್ಪ ಸ್ವಲ್ಪವೇ ಇಳಿಯಿತು.

"ಸರಿ ನರ್ಸಮ್ಮ. ವರದಿ ಬರೋವರೆಗೆ ಅಜ್ಜೀನ ಮನೆಗೆ ಕಳಿಸ್ತೀನಿ. ಒಂದು ಹೇಳಿಕೆ ಬರ್ಕೊಂಡು ಬರ್ತೀನಿ, ಸಹಿ ಹಾಕಿ ಹೊರಡಲಿ," ಎಂದು ಒಳಗೆ ಹೋದ.

ಸೊಸೆ ಗಾಡಿ ಕರೆಯಲು ಹೊರಗೆ ಓಡಿದಳು. ನರ್ಸಮ್ಮ ಚಹಾದಮ್ಮನ ಪಕ್ಕ ಕೂತು, ಅಕ್ಕ ಹೇಳಿಕಳಿಸಿದ ಮಾತನ್ನು ಹೇಳಿದಳು.

"ಉಗೀಲಿ ಬಿಡು. ಹೊಟ್ಟೆಗೆ ಬೆಂಕಿ ಬಿದ್ದೋಳು ಎಲ್ಲಿ ಉಗೀಬೇಕು ಅಂತ ನೋಡ್ತಾಳಾ?" ಮುದುಕಿ ಮೊಣಕಾಲು ಉಜ್ಜಿಕೊಂಡಳು. "ಹಂಗಾದ್ರೆ ಆ ಮಗು ಯಾಕೆ ಸತ್ತಿದ್ದಮ್ಮ?"

"ಮೈಯಲ್ಲಿ ನೀರಿಲ್ದೆ. ಮಧ್ಯಾಹ್ನದಿಂದ ಸಂಜೆವರೆಗೂ ಒಂದು ಗುಟುಕೂ ಹೋಗಿಲ್ಲ ಒಳಗೆ."

ಚಹಾದಮ್ಮನ ಕೈ ಮೊಣಕಾಲ ಮೇಲೆ ನಿಂತಿತು.

"ಇಲ್ವಲ್ಲ," ಎಂದಳು.

"ಏನಿಲ್ಲ?"

"ನೀರು ಹೋಯ್ತಲ್ಲ. ನಾನೇ ಕುಡಿಸಿದ್ನಲ್ಲ." ಮುದುಕಿ ಒಳಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದಳು. "ಎರಡೂವರೆಗೆ ಕೆಟಲ್ ತೊಳೆಯೋಕ್ ಹೋಗ್ತಾ ಆ ಕೋಣೇಲಿ ನರಳೋದು ಕೇಳಿಸ್ತು. ನನ್ನ ಡಬ್ಬಿ ಸಕ್ಕರೆ, ಊಟದ ಉಪ್ಪು, ಎರಡು ದೊಡ್ಡ ಲೋಟ ಮಾಡ್ದೆ. ಗುಟುಕು ಗುಟುಕಾಗಿ ಒಂದು ಗಂಟೆ ಕುಡಿಸಿದೀನಿ. ಒಂದು ಹನೀನೂ ಕಕ್ಕಲಿಲ್ಲ. ಎದ್ದು ಕೂತ್ಲು ಕಣಮ್ಮ. ಅಜ್ಜೀ ನಿಮ್ಮ ಚಹಾಕ್ಕಿಂತ ಇದೇ ರುಚಿ ಅಂತ ನಕ್ಕಳು."

ನರ್ಸಮ್ಮ ಮನಸ್ಸಿನಲ್ಲೇ ಪಟ್ಟಿ ಹಾಕಿದಳು. ಒಂದು ಗಂಟೆ ಕಾಲ ಎರಡು ದೊಡ್ಡ ಲೋಟ, ವಾಂತಿ ಇಲ್ಲ, ಎದ್ದು ಕೂತು ನಗೆ. ಇದು ಸಾಯುವವರ ಲಕ್ಷಣವಲ್ಲ. ಚೇತರಿಸಿಕೊಳ್ಳುವವರ ಲಕ್ಷಣ. ವಾರ್ಡಿನಲ್ಲಿ ಕೂಸು ಹಾಗೆ ನಕ್ಕರೆ ಅವರು ಮುಂದಿನ ಮಂಚಕ್ಕೆ ಹೋಗುತ್ತಿದ್ದರು.

"ಆಮೇಲೆ?"

"ಮೂರನೇ ಹಾಲ್‌ಗೆ ಚಹಾ ಕೊಟ್ಟು ನಾಲ್ಕೂಕಾಲಿಗೆ ಇನ್ನೊಂದು ಲೋಟ ಕುಡಿಸೋಣ ಅಂತ ವಾಪಸ್ ಬಂದೆ. ಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಹುಷಾರಾಗಿ ಯಂತ್ರಕ್ಕೆ ಹೋಗಿರ್ತಾಳೆ ಅಂದ್ಕೊಂಡೆ. ತೆಗೆದು ನೋಡ್ಲಿಲ್ಲ. ತೆಗೆದು ನೋಡ್ಬೇಕಿತ್ತು."

"ಇದನ್ನ ಯಾಕಮ್ಮ ಹೇಳ್ಲಿಲ್ಲ ಇಷ್ಟು ದಿನ?"

"ಎಲ್ಲರ ಜೊತೆ ಕೊಟ್ಟ ಚಹಾಕ್ಕೇ ಕೊಲೆಗಾತಿ ಅಂದ್ರು. ಯಾರೂ ಇಲ್ಲದ ಕೋಣೇಲಿ, ಅವಳು ಕೊನೇದಾಗಿ ಕುಡಿದದ್ದೂ ನನ್ನ ಕೈಯಿಂದಾನೇ ಅಂತ ಹೇಳಿದ್ರೆ?"

ಒಣಗುತ್ತಿದ್ದ ಸಣ್ಣ ಅಂಗಿಯ ಕೆಳಗೆ ತಾನು ಆಡಿಬಂದ ಮಾತು ನರ್ಸಮ್ಮನ ನಾಲಿಗೆಯ ಮೇಲೆ ಕೆಂಡದ ಹಾಗೆ ಕೂತಿತು. ಬದುಕ್ತಿದ್ಲು. ಆ ಹುಡುಗಿ ನೀರು ಕುಡಿದಿದ್ದಳು. ಅಕ್ಕ ಕೊಲ್ಲಲಿಲ್ಲ. ಅದನ್ನು ಅಕ್ಕನಿಗೆ ಹೇಳಬೇಕಾದರೆ ಈ ಮುದುಕಿ ಬಾಯಿಬಿಡಬೇಕು. ಬಾಯಿಬಿಟ್ಟರೆ ಅವಳು ಮನೆಗೆ ಹೋಗುವುದಿಲ್ಲ.

ಇನ್ಸ್‌ಪೆಕ್ಟರ್ ಕಾಗದ ಹಿಡಿದು ಬಂದ. ಬೆಂಚಿನ ಮೇಲಿಟ್ಟು ಪೆನ್ನಿನ ಮುಚ್ಚಳ ತೆಗೆದ.

"ಅಜ್ಜಿ, ಹತ್ತೂವರೆ ಚಹಾ ಬಿಟ್ರೆ ಬುಧವಾರ ಆ ಹುಡುಗಿಗೆ ಬೇರೆ ಏನೂ ಕೊಟ್ಟಿಲ್ಲ, ಅವಳನ್ನ ಮತ್ತೆ ನೋಡೇ ಇಲ್ಲ ಅಂತ ಬರೆದಿದೀನಿ. ಸರಿ ತಾನೆ? ಇಲ್ಲಿ ಸಹಿ ಹಾಕಿ."

ಹೊರಗೆ ಗಾಡಿ ನಿಂತ ಸದ್ದಾಯಿತು. "ಅತ್ತೇ, ಬನ್ನಿ, ಕಾಯಲ್ವಂತೆ ಇವನು!" ಎಂದು ಸೊಸೆ ಕೂಗಿದಳು.

ಚಹಾದಮ್ಮ ಪೆನ್ನು ತೆಗೆದುಕೊಂಡಳು. ಬರೆಯಲಿಲ್ಲ. ನರ್ಸಮ್ಮನ ಕಡೆ ತಿರುಗಿದಳು.

"ಆ ಅಕ್ಕ ಹೆಂಗಿದಾಳಮ್ಮ?" ಎಂದು ಕೇಳಿದಳು. "ಒಬ್ಬಳೇ ಇದಾಳಾ?"